ಅಜ್ಜಿಗೆ ಹೊಸ ಕಾರ್ಪೆಟ್ಟು

ಫೆಬ್ರವರಿ ೮, ಶನಿವಾರ

ಕೇಳಿದರು, ಹೇಳಿದೆ. ಅಷ್ಟೇ. ಅದರಲ್ಲಿ ನನ್ನದೇನು ತಪ್ಪು? ಸುಳ್ಳು ಹೇಳಿದ್ದರೆ ಬೈಯಿರಿ, ಬೈಸಿಕೊಳ್ಳುತ್ತೇನೆ. ನಿಜ ಹೇಳಿದವನ ಮೇಲೆ ಮೂರು ಜನ ಸೇರಿ ಎಗರಿಬಿದ್ದರೆ ಅದು ಯಾವ ನ್ಯಾಯ? ನಾನು ಬೇಕಂತ ಹೇಳಿದ್ದಲ್ಲ. ಸರಿ, ಬೇಕಂತಲೇ ಹೇಳಿದೆ. ಬೇಕಂತ ಹೇಳಿದರೆ ನಿಜ ಸುಳ್ಳಾಗಿಬಿಡುತ್ತದಾ?

ನಡೆದದ್ದು ಇಷ್ಟು. ದೂರದ ಸಂಬಂಧದ ಅತ್ತೆಯೊಬ್ಬರು ಬಂದಿದ್ದರು. ಸೋಫಾದಲ್ಲಿ ಕೂತು ಟೀ ಕುಡಿಯುತ್ತಾ, "ನಿಮ್ಮಕ್ಕ ಏನು ಕೆಲಸ ಮಾಡ್ತಾಳಪ್ಪಾ?" ಅಂದರು. ಅಡುಗೆಮನೆಯಿಂದ ಅಮ್ಮ "ಪೈಲಟ್ಟು" ಎಂದು ಕೂಗಿದಳು. ಅದೇ ಹೊತ್ತಿಗೆ ನಾನು "ಕಾಯೋ ಕೆಲಸ" ಅಂದೆ.

"ಕಾಯೋದಾ? ಏನನ್ನ?"

"ವಿಮಾನಾನ."

ಅತ್ತೆ ಲೋಟ ಹಿಡಿದುಕೊಂಡೇ ಕಿಟಕಿಯ ಕಡೆ ಬಗ್ಗಿ ಆಕಾಶ ನೋಡಿದರು. ಪಾಪ, ಬಸ್ಸು ಬಂತೇನೋ ಅಂತ ನೋಡುವ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ದೊಡ್ಡ ಅಪರಾಧವಾಯಿತು.

ಅಕ್ಕ ಪೈಲಟ್ ಆಗುವುದಕ್ಕೆ ಓದಬೇಕಾದ್ದನ್ನೆಲ್ಲ ಓದಿದ್ದಾಳೆ, ಹಾರಬೇಕಾದಷ್ಟು ಹಾರಿದ್ದಾಳೆ, ಲೈಸೆನ್ಸ್ ಇದೆ. ಹೋದ ವರ್ಷಕ್ಕೂ ಹಿಂದೆ ದೊಡ್ಡ ಕಂಪನಿಯವರು ಆರಿಸಿ, ಕೈಕುಲುಕಿ, "ಹೊಸ ವಿಮಾನ ಬಂದ ತಕ್ಷಣ ಕರೀತೀವಿ" ಅಂದರು. ವಿಮಾನ ಬರಲಿಲ್ಲ. ಕರೆಯಲಿಲ್ಲ. ನಾನಾದರೋ ಒಂಬತ್ತನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದವನು. ಅದೇ ದೊಡ್ಡ ಕಂಪನಿಯ ವಿಮಾನಗಳನ್ನು ದಿನಾ ಹತ್ತಿ ಇಳಿಯುತ್ತೇನೆ, ಕೈಯಲ್ಲಿ ಕಸ ಎಳೆಯುವ ವ್ಯಾಕ್ಯೂಮ್ ಹಿಡಿದು. ಓದಿದವಳು ನೆಲದ ಮೇಲೆ, ಓದದವನು ವಿಮಾನದೊಳಗೆ. ಇದನ್ನು ಅತ್ತೆಗೆ ಹೇಳಿಯೇ ಇಲ್ಲ. ಅಷ್ಟು ಮರ್ಯಾದೆ ನನಗೂ ಇದೆ.

ಈ ಮನೆಯಲ್ಲಿ ಬಾಯಿ ಬಿಟ್ಟರೆ ಜಗಳ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ ೯, ಭಾನುವಾರ

ಅಪ್ಪ ಬಸ್ ಡ್ರೈವರ್. ಜಗತ್ತಿನ ಯಾವ ವಿಷಯವನ್ನಾದರೂ ಕೊಡಿ, ಎಳೆದು ತಂದು ಡಿಪೋ ಒಳಗೆ ನಿಲ್ಲಿಸುತ್ತಾನೆ. ಇವತ್ತು ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ.

"ನೋಡು ದೊರೆ. ಮುಂದಿನ ವರ್ಷ ನೂರು ಹೊಸ ಬಸ್ ಬರುತ್ತೆ ಅಂತ ಮೇಲಿನವರು ಲೆಕ್ಕ ಹಾಕ್ತಾರೆ. ಒಂದು ಬಸ್ಸಿಗೆ ಇಷ್ಟು ಡ್ರೈವರ್ ಅಂತ ಮೊದಲೇ ಆರಿಸಿ ಇಟ್ಕೋತಾರೆ. ಫ್ಯಾಕ್ಟರಿಯವನು ಬಸ್ಸೇ ಕೊಡಲ್ಲ. ಆಗ ಡ್ರೈವರ್ ಏನು ಮಾಡ್ತಾನೆ?"

"ಕಾಯ್ತಾನೆ. ನಾನು ಅತ್ತೆಗೆ ಹೇಳಿದ್ದೂ ಅದನ್ನೇ."

"ಬಾಯಿ ಮುಚ್ಕೊಂಡು ಕೇಳು."

"ಬಸ್ ಬರೋದು ಗ್ಯಾರಂಟಿ ಇಲ್ದೆ ಡ್ರೈವರನ್ನ ಯಾಕೆ ಆರಿಸ್ಬೇಕು?"

"ಬಸ್ ಬಂದು ಡ್ರೈವರ್ ಇಲ್ದಿದ್ರೆ ಮೇಲಿನವರ ತಲೆ ಹೋಗುತ್ತೆ. ಡ್ರೈವರ್ ಬಂದು ಬಸ್ ಇಲ್ದಿದ್ರೆ ಡ್ರೈವರ್ ತಲೆ ಹೋಗುತ್ತೆ. ಯಾವ ತಲೆ ಅಗ್ಗ, ನೀನೇ ಹೇಳು."

ಅಪ್ಪ ಕೆಲವು ಸಲ ಸರಿಯಾಗಿ ಹೇಳುತ್ತಾನೆ. ಅವನ ಮುಂದೆ ಒಪ್ಪಿಕೊಳ್ಳಲಿಲ್ಲ.

ಫೆಬ್ರವರಿ ೧೧, ಮಂಗಳವಾರ

ಈ ಮನೆಯಲ್ಲಿ ರೂಮು ಎರಡೇ. ಒಂದು ಅಪ್ಪ ಅಮ್ಮನದು, ಇನ್ನೊಂದು ಮಹಾರಾಣಿಯದು. ನಾನು ಹಾಲಿನಲ್ಲಿ ಫ್ರಿಜ್ ಪಕ್ಕ ಮಲಗುತ್ತೇನೆ. ಫ್ರಿಜ್ ಗೊರಕೆ ಹೊಡೆಯುತ್ತದೆ. ಅಕ್ಕನಿಗೆ ಕೆಲಸ ಸಿಕ್ಕಿ ಅವಳು ತೊಲಗಿದರೆ ರೂಮು ನನ್ನದು. ಅವಳಿಗೆ ಕೆಲಸ ಸಿಗಲಿ ಅಂತ ಈ ಮನೆಯಲ್ಲಿ ನನ್ನಷ್ಟು ಬಯಸುವವರು ಯಾರೂ ಇಲ್ಲ. ಇದು ಯಾರಿಗೂ ಅರ್ಥವಾಗುವುದಿಲ್ಲ.

ಅವಳ ರೂಮಿನ ಗೋಡೆಗೆ ಕಾಗದದ ವಿಮಾನ ಅಂಟಿಸಿದೆ. ಅಂದರೆ ಜೆಟ್ಟಿನ ಮುಂಭಾಗದ ಒಳಗಡೆ ಇರುವುದೆಲ್ಲ, ಗುಂಡಿ, ಗಡಿಯಾರ, ಹಿಡಿಕೆ ಎಲ್ಲ, ಇದ್ದಷ್ಟೇ ದೊಡ್ಡದಾಗಿ ಅಚ್ಚು ಹಾಕಿದ ಕಾಗದ. ಅದರ ಮುಂದೆ ಊಟದ ಟೇಬಲ್ಲಿನ ಎರಡು ಕುರ್ಚಿ. ಅಕ್ಕ ದಿನಾ ಎಡಗಡೆಯ ಕುರ್ಚಿಯಲ್ಲಿ ಕೂತು, ಕಾಗದದ ಗುಂಡಿಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ಹಾರಿಸುತ್ತಾಳೆ. ಕೈ ಮರೆಯಬಾರದಂತೆ. ಬಲಗಡೆಗೆ ಅವಳ ಗೆಳತಿಯೊಬ್ಬಳು ಬರುತ್ತಿದ್ದಳು, ಅವಳೂ ಕಾಯುವವಳೇ. ಕಾದು ಸಾಕಾಗಿ ಮಾವನ ಚಪ್ಪಲಿ ಅಂಗಡಿಗೆ ಸೇರಿಕೊಂಡಳು. ಇವತ್ತು ನಾನು ಸಿಕ್ಕಿಬಿದ್ದೆ.

"ಲೋ ಕೋತಿ, ಬಾ ಇಲ್ಲಿ. ಚೆಕ್‌ಲಿಸ್ಟ್ ಓದು. ನೀನು ಒಂದೊಂದೇ ಕೇಳು, ನಾನು ಉತ್ತರ ಹೇಳ್ತೀನಿ."

"ನನಗೇನು ಸಿಗುತ್ತೆ?"

"ಟೇಬಲ್ ಫ್ಯಾನು. ಒಂದು ವಾರ. ದಿನಾ ಓದ್ಬೇಕು."

ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಒಂದೊಂದು ಪದಕ್ಕೂ ಒಂದೊಂದು ವಿಮಾನ ಹಾರಿಹೋಗುವಷ್ಟು ಹೊತ್ತು. ಬೇಜಾರಾಗಿ ನಡುವೆ ನನ್ನದೂ ಸೇರಿಸಿದೆ.

"ಬ್ರೇಕು?"

"ಹಾಕಿದೆ."

"ಲೈಟು?"

"ಹಾಕಿದೆ."

"ತಲೆ?"

"ಲೋ!"

"ಇದೆಯೋ ಇಲ್ವೋ ಅಂತ ಕೇಳ್ದೆ. ಇಲ್ಲ ಅಂದ್ರೆ ಹಾರ್ಬಾರ್ದು ತಾನೇ?"

ಚೆಕ್‌ಲಿಸ್ಟಿನ ರಟ್ಟಿನಿಂದಲೇ ತಲೆಗೆ ಹೊಡೆದಳು. ಫ್ಯಾನು ತಗೊಂಡು ಬಂದೆ.

ಫೆಬ್ರವರಿ ೧೫, ಶನಿವಾರ

ನಮ್ಮ ಸೂಪರ್‌ವೈಸರ್ ಮೀಸೆ ಇವತ್ತಿನಿಂದ ನನ್ನ ಪಾಲಿಗೆ ಸತ್ತ. ಬೇರೆ ಯಾರೋ ಬಿಟ್ಟ ಕಸಕ್ಕೆ ಎಲ್ಲರೆದುರು ನನ್ನನ್ನು ಬೈದ. ನಾನೂ ಬಿಡಲಿಲ್ಲ. "ನಿನ್ನ ಬಾಯಿಗೇ ಮೊದಲು ವ್ಯಾಕ್ಯೂಮ್ ಹಿಡೀಬೇಕು ಕಣೋ" ಅಂದ. "ನಿಮ್ಮ ಮೀಸೆಗೆ ಹಿಡೀರಿ, ಅದರಲ್ಲಿ ಬೆಳಗಿನ ಬ್ರೆಡ್ಡು ಇನ್ನೂ ಇದೆ" ಅಂದೆ. ಹುಡುಗರೆಲ್ಲ ಸೀಟಿನ ಕೆಳಗೆ ಏನೋ ಬಿದ್ದ ಹಾಗೆ ಬಗ್ಗಿಕೊಂಡರು.

ಶಿಕ್ಷೆ ಅಂತ ನನ್ನನ್ನು ಹಿಂದುಗಡೆಗೆ ಹಾಕಿದ್ದಾನೆ. ಹಿಂದುಗಡೆ ಅಂದರೆ ಹಾರದೆ ನಿಂತ ಜೆಟ್ಟುಗಳ ಜಾಗ. ಒಂದು ಕೆಟ್ಟರೆ ಇನ್ನೊಂದರ ಎಂಜಿನ್ ಬಿಚ್ಚಿ ಅದಕ್ಕೆ ಹಾಕುತ್ತಾರೆ. ಬಿಚ್ಚಿಸಿಕೊಂಡದ್ದು ರೆಕ್ಕೆಯ ಕೆಳಗೆ ಬಟ್ಟೆ ಕಟ್ಟಿಕೊಂಡು ನಿಂತಿರುತ್ತದೆ, ಹಲ್ಲು ಕೀಳಿಸಿಕೊಂಡವರ ಹಾಗೆ. ಹೊಸದು ಬರುವುದಿಲ್ಲ, ಇದ್ದದ್ದು ಹಾರುವುದಿಲ್ಲ. ಅಕ್ಕ ಯಾಕೆ ಕಾಯುತ್ತಿದ್ದಾಳೆ ಅಂತ ತಿಳಿಯಬೇಕಾದವರು ಇಲ್ಲಿ ಬಂದು ಒಂದು ಸುತ್ತು ಹಾಕಿದರೆ ಸಾಕು.

ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ನಾವು ಅಜ್ಜಿ ಅನ್ನುತ್ತೇವೆ. ಅಜ್ಜಿಯ ಸೀಟಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದೆ. ಮೀಸೆಯನ್ನು ಇನ್ನು ಒಂದು ಮಾತೂ ಕೇಳುವುದಿಲ್ಲ ಅಂತ ಅಲ್ಲೇ ಆಣೆ ಮಾಡಿದೆ. ಪ್ರಾಣ ಹೋದರೂ ಕೇಳುವುದಿಲ್ಲ.

ಫೆಬ್ರವರಿ ೧೮, ಮಂಗಳವಾರ

ಫೋನು ಬಂತು! ಆದರೆ ದೊಡ್ಡ ಕಂಪನಿಯಿಂದಲ್ಲ, ಚಿಕ್ಕ ಕಂಪನಿಯಿಂದ. ಅವರದು ರೆಕ್ಕೆಗೆ ಫ್ಯಾನ್ ಕಟ್ಟಿದ ಪುಟ್ಟ ವಿಮಾನಗಳು. ಒಂದು ಸೀಟು ಖಾಲಿ ಇದೆಯಂತೆ. ಬೇರೆ ಊರಿಗೆ ಹೋಗಬೇಕು. ಕೆಲವು ವರ್ಷ ಬಿಟ್ಟುಹೋಗುವುದಿಲ್ಲ ಅಂತ ಬಾಂಡ್ ಬರೆದುಕೊಡಬೇಕು. ಮುಂದಿನ ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ಹೂಂ ಅಂದರೆ ದೊಡ್ಡ ಕಂಪನಿಯ ಸಾಲಿನಲ್ಲಿ ಅವಳ ಜಾಗ ಹೋಯಿತು. ಇಷ್ಟು ದಿನ ಜೆಟ್ಟಿಗೆ ಅಂತ ಕಲಿತದ್ದೂ ಮೂಲೆಗೆ. ಈ ಪೈಲಟ್ಟುಗಳದು ವಿಚಿತ್ರ. ಒಂದು ಜಾತಿಯ ವಿಮಾನಕ್ಕೆ ಕಲಿತವರು ಇನ್ನೊಂದು ಜಾತಿಯದನ್ನು ಮುಟ್ಟುವ ಹಾಗಿಲ್ಲ, ಮತ್ತೆ ಮೊದಲಿಂದ ಕಲಿಯಬೇಕು. ನಮ್ಮಪ್ಪ ಆಟೋನೂ ಓಡಿಸುತ್ತಾನೆ, ಲಾರಿನೂ ಓಡಿಸುತ್ತಾನೆ.

ಊಟದ ಹೊತ್ತಿನಲ್ಲಿ ದೊಡ್ಡ ಸಭೆ.

ಅಮ್ಮ: "ಕೈಗೆ ಬಂದದ್ದನ್ನ ಹಿಡ್ಕೋ ತಾಯಿ."

ಅಪ್ಪ: "ಮಿನಿಬಸ್ ಓಡಿಸ್ತಾ ಇದ್ದವನಿಗೆ ನಾಳೆ ದೊಡ್ಡ ಬಸ್ ಕೊಡ್ತಾರೆ. ಮನೇಲಿ ಕೂತವನ ಹೆಸರು ಡಿಪೋದಲ್ಲಿ ಯಾರಿಗೂ ನೆನಪಿರಲ್ಲ."

ಅಕ್ಕ: "ಇವತ್ತು ಹೋಗಿ, ನಾಳೆ ದೊಡ್ಡವರು ಕರೆದ್ರೆ? ಇಷ್ಟು ಕಾದದ್ದು ಯಾಕೆ ಹಾಗಾದ್ರೆ?"

ನಾನು ಕೈ ತೊಳೆದು ಎದ್ದೆ. ಅಪ್ಪನ ಪೆಟ್ಟಿಗೆಯಿಂದ ಅಳತೆ ಟೇಪು ತಂದು ಅವಳ ರೂಮು ಅಳೆದೆ.

"ನಾನಿನ್ನೂ ಹೋಗಿಲ್ಲ ಕಣೋ ದರಿದ್ರ!"

"ಹೋಗ್ತೀಯಲ್ಲ. ಮಂಚ ಈ ಕಡೆ ತಿರುಗಿಸ್ಬಹುದಾ ಅಂತ ನೋಡ್ತಿದ್ದೆ."

ಫೆಬ್ರವರಿ ೨೦, ಗುರುವಾರ

ಅಜ್ಜಿಗೆ ಎಂಜಿನ್ ಬಂದಿದೆ! ಎರಡೂ ರೆಕ್ಕೆಗೆ! ಬೆಳಗ್ಗೆ ಹೋದರೆ ಹಿಂದುಗಡೆಯ ತುಂಬ ಮೆಕ್ಯಾನಿಕ್ಕುಗಳು. ಒಳಗೆ ಹಳೆಯ ಕಾರ್ಪೆಟ್ಟು ಕಿತ್ತು ಹೊರಗೆ ಎಸೆದಿದ್ದಾರೆ, ಹೊಸ ಕಾರ್ಪೆಟ್ಟು ಸುರುಳಿ ಸುತ್ತಿ ಇಟ್ಟಿದ್ದಾರೆ. ಸೀಟುಗಳಿಗೆ ಹೊಸ ಕವರು. ಸೀಟಿನ ಮುರಿದ ಕೈ, ಸಡಿಲ ಟ್ರೇ, ಒಂದನ್ನೂ ಬಿಡದೆ ಬದಲಾಯಿಸುತ್ತಿದ್ದಾರೆ. ಮೀಸೆ ಬಂದು ನಮಗೆಲ್ಲ, "ಫ್ಯಾಕ್ಟರಿಯಿಂದ ಇವತ್ತು ಬಂದ ಹಾಗೆ ಕಾಣ್ಬೇಕು. ಒಂದು ಚೂಯಿಂಗ್ ಗಮ್ ಸಿಕ್ಕಿದ್ರೆ ನಿಮ್ಮ ಕಥೆ ಮುಗೀತು" ಅಂದ. ಯಾಕೆ, ಏನು ಅಂತ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆಣೆ ಅಂದರೆ ಆಣೆ.

ಕೇಳುವುದೇನಿದೆ? ಕಣ್ಣಿಲ್ಲವಾ ನನಗೆ? ಯಾವ ಮೂರ್ಖ ನಿಲ್ಲಿಸಿಡುವ ವಿಮಾನಕ್ಕೆ ಹೊಸ ಕಾರ್ಪೆಟ್ಟು ಹಾಕಿಸುತ್ತಾನೆ? ಹಾರುತ್ತದೆ, ಅದಕ್ಕೇ ಅಲಂಕಾರ. ಅಜ್ಜಿ ಹಾರಿದರೆ ಪಕ್ಕದವೂ ಹಾರುತ್ತವೆ. ಹಾರಿಸುವುದಕ್ಕೆ ಜನ ಬೇಕು.

ಮನೆಗೆ ಹೋಗಿ ಹೇಳಬಾರದಿತ್ತು. ಅಕ್ಕ ಚಿಕ್ಕ ಕಂಪನಿಗೆ ಹೋದರೆ ನನಗೆ ರೂಮು ಈ ತಿಂಗಳೇ ಸಿಗುತ್ತಿತ್ತು. ದೊಡ್ಡ ಕಂಪನಿಯಾದರೆ ಇದೇ ಊರು, ಇದೇ ಮನೆ, ಫ್ರಿಜ್ಜಿನ ಪಕ್ಕ ನಾನು. ಇದನ್ನೆಲ್ಲ ಬಸ್ಸಿನಲ್ಲಿ ಕೂತು ಯೋಚಿಸಿಯೇ ಬಂದೆ. ಆದರೆ ನನ್ನ ಬಾಯಿ ನನ್ನ ಮಾತು ಯಾವತ್ತು ಕೇಳಿದೆ? ಚಪ್ಪಲಿ ಬಿಡುವ ಮೊದಲೇ ಕೂಗಿಬಿಟ್ಟೆ.

"ಅಕ್ಕಾ, ಅಜ್ಜಿಗೆ ಹೊಸ ಕಾರ್ಪೆಟ್ಟು!"

ಅಮ್ಮ ಗಾಬರಿಯಾಗಿ ಯಾವ ಅಜ್ಜಿ ಅಂತ ಕೇಳಿದಳು. ಅಕ್ಕ ಒಂದೊಂದಾಗಿ ಬಿಡಿಸಿ ಬಿಡಿಸಿ ಕೇಳಿದಳು. ಎಂಜಿನ್ ಎರಡೂ ಇದೆಯಾ? ನೀನೇ ನೋಡಿದ್ಯಾ? ಕವರು ಎಲ್ಲಾ ಸೀಟಿಗೂನಾ? ಕಾಯುತ್ತಿರುವ ಬೇರೆಯವರೂ ಈ ಬೇಸಿಗೆಗೆ ಕರೀತಾರೆ ಅಂತ ಮಾತಾಡಿಕೊಳ್ಳುತ್ತಿದ್ದಾರಂತೆ. ಅಲ್ಲಿಗೆ ಸರಿಹೋಯಿತು. ಅವಳು ನಕ್ಕು ಎಷ್ಟು ದಿನವಾಗಿತ್ತೋ ಏನೋ, ನಗುವಾಗ ಥೇಟ್ ಅಪ್ಪನ ಹಾಗೆ ಕಾಣುತ್ತಾಳೆ. ಪಾಪ.

ಫೆಬ್ರವರಿ ೨೩, ಭಾನುವಾರ

ಕಾಗದದ ವಿಮಾನಕ್ಕೆ ಇವತ್ತು ಬೆಳಗ್ಗೆಯಿಂದ ಬಿಡುವೇ ಇಲ್ಲ. ಹಾರು, ಇಳಿ, ಹಾರು, ಇಳಿ. ನನ್ನ ಬೆನ್ನು ಬಿದ್ದುಹೋಯಿತು. ಅವಳು ಒಂದು ಕಡೆ ಒಂದನ್ನು ಬಿಟ್ಟು ಮುಂದಕ್ಕೆ ಹೋದಳು. "ಇಂಧನದ ಪಂಪು ಹಾಕ್ಲೇ ಇಲ್ವಲ್ಲೇ" ಅಂದೆ. ರಟ್ಟು ನನ್ನ ಕೈಯಲ್ಲಿರಲಿಲ್ಲ, ನೆಲದ ಮೇಲಿತ್ತು. ಅದೇನೋ ಬಾಯಿಗೆ ಬಂತು. ಅವಳು ನನ್ನ ಮುಖವನ್ನೇ ನೋಡಿದಳು. "ಏನು ನೋಡ್ತೀಯ, ಹಾಕು" ಅಂದೆ.

ಫ್ಯಾನಿನ ವಾರ ಮುಗಿದಿತ್ತು. ಇಬ್ಬರಿಗೂ ನೆನಪಾಗಲಿಲ್ಲ.

ಫೆಬ್ರವರಿ ೨೪, ಸೋಮವಾರ

ಅಕ್ಕ ಫೋನು ಮಾಡಿ ಚಿಕ್ಕ ಕಂಪನಿಗೆ ಬೇಡ ಅಂದಳು. ಅಮ್ಮ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಾಳೆ.

ಫೆಬ್ರವರಿ ೨೬, ಬುಧವಾರ

ಅಜ್ಜಿಗೆ ಬಣ್ಣ ಹೊಡೆಯುತ್ತಿದ್ದಾರೆ. ಬಾಲದ ಮೇಲಿದ್ದ ಕಂಪನಿಯ ಗುರುತಿನ ಮೇಲೂ ಹೊಡೆದರು. ಮೂತಿಯಿಂದ ಬಾಲದವರೆಗೆ ಬರೀ ಬಿಳಿ.

ಅಕ್ಕನಿಗೆ ಹೇಳಿದೆ. "ಗುರುತಿನ ಮೇಲೂನಾ?" ಅಂದಳು.

"ಅದು ಮೊದಲನೇ ಕೋಟು ಕಣೇ. ಗೋಡೆಗಾದ್ರೂ ಹಾಗೇ ಅಲ್ವಾ, ಮೊದಲು ಬಿಳಿ, ಆಮೇಲೆ ಬಣ್ಣ."

"ಹೌದಾ?"

"ಹೌದು."

ಹೌದು ಅಂತ ನಾನು ಹೇಗೆ ಹೇಳಿದೆನೋ ಹಾಗೇ ಅವಳೂ ನಂಬಿದಳು.

ಫೆಬ್ರವರಿ ೨೮, ಶುಕ್ರವಾರ

ಬೆಳಗ್ಗೆ ಅಜ್ಜಿಯೊಳಗೆ ಒಬ್ಬ ಹೆಂಗಸು. ಕೈಯಲ್ಲಿ ಟಾರ್ಚು. ಹಾಡುಹಗಲು, ದೀಪವೆಲ್ಲ ಉರಿಯುತ್ತಿದೆ, ಆದರೂ ಟಾರ್ಚು. ಒಂದೊಂದು ಸೀಟಿನ ಕೆಳಗೂ ಬಗ್ಗಿ, ಸಂದಿಗೆ ಬೆರಳು ಹಾಕಿ, ಟ್ರೇ ತೆಗೆದು ಮುಚ್ಚಿ, ಗೀರು ಕಂಡಲ್ಲೆಲ್ಲ ಕೆಂಪು ಚೀಟಿ ಅಂಟಿಸುತ್ತಾ ಬರುತ್ತಿದ್ದಾಳೆ. ಮದುವೆಗೆ ಹೆಣ್ಣು ನೋಡಲು ಬಂದ ಕೆಲವರು ಹೀಗೇ ನೋಡುತ್ತಾರೆ. ಅವಳ ಹಿಂದೆ ಮೀಸೆ, ಕೈಕಟ್ಟಿಕೊಂಡು.

ಮೀಸೆಯನ್ನು ಕೇಳುವುದಿಲ್ಲ ಅಂತ ಆಣೆ, ಟಾರ್ಚ್ ಮೇಡಂಗೆ ಆಣೆ ಇಲ್ಲ. ನೇರ ಹೋಗಿ ಕೇಳಿದೆ.

"ಮೇಡಂ, ಇದು ಯಾವತ್ತಿಂದ ಹಾರುತ್ತೆ?"

"ಎಲ್ಲಾ ಸರಿ ಇದ್ರೆ ಭಾನುವಾರ."

"ಮೊದಲು ಎಲ್ಲಿಗೆ?"

"ನಮ್ಮ ಹತ್ರ. ಇದರ ಓನರ್ ನಾವೇ ಅಲ್ವಾ." ಅಷ್ಟು ಹೇಳಿ ಇನ್ನೊಂದು ಕೆಂಪು ಚೀಟಿ ಅಂಟಿಸಿದಳು. ನನ್ನ ಹಣೆಗೇ ಅಂಟಿಸಿದ ಹಾಗಾಯಿತು.

ಆಣೆ ಮುರಿದು ಮೀಸೆಯ ಹಿಂದೆ ಓಡಿದೆ.

"ಅಯ್ಯೋ ಮಂಕೇ," ಅಂದ ಮೀಸೆ. "ಇದು ಕಂಪನಿದಲ್ಲ, ಬಾಡಿಗೆದು. ಬಾಡಿಗೆ ಮನೆ ಖಾಲಿ ಮಾಡುವಾಗ ನಿಮ್ಮಪ್ಪ ಏನು ಮಾಡ್ತಾನೆ? ಸುಣ್ಣ ಹೊಡೆಸಿ, ಮೊಳೆ ಕಿತ್ತು, ತೂತು ಮುಚ್ಚಿ, ಕೀಲಿ ಕೊಡ್ತಾನೆ. ಇಲ್ದಿದ್ರೆ ಓನರ್ ಬಿಡ್ತಾನಾ? ಅದಕ್ಕೇ ಎಂಜಿನ್ನು, ಕಾರ್ಪೆಟ್ಟು, ಬಿಳಿ ಬಣ್ಣ. ಇದಾದ್ಮೇಲೆ ಪಕ್ಕದವೂ ಒಂದೊಂದಾಗಿ ಹೋಗ್ತವೆ. ಕಂಪನಿ ವಿಮಾನಗಳನ್ನ ಕಡಿಮೆ ಮಾಡ್ಕೊಳ್ತಿದೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಕೂದಲು ಕಿತ್ತುಕೊಳ್ಳುವ ಹಾಗಾಯಿತು. ನನ್ನದಲ್ಲ, ಅವನ ಮೀಸೆಯದು.

ಮಾರ್ಚ್ ೧, ಶನಿವಾರ

ಹೊಟ್ಟೆನೋವು ಅಂತ ಹೇಳಿ ಮಲಗಿದೆ. ಅಮ್ಮ ಬಿಸಿನೀರು ಕೊಟ್ಟಳು. ಸಂಜೆ ಅಕ್ಕ ಕಾಲಿಂದ ತಿವಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ರಟ್ಟು ಹಿಡಿದು ಬ್ರೇಕು ಅಂದೆ, ಹಾಕಿದೆ ಅಂದಳು. ಲೈಟು ಅಂದೆ, ಹಾಕಿದೆ ಅಂದಳು. ಮೂರನೆಯದಕ್ಕೆ, "ಅಜ್ಜಿ ವಾಪಸ್ ಹೋಗ್ತಿದೆ. ಬಾಡಿಗೆ ಮುಗೀತಂತೆ. ಬೇರೆಯವೂ ಹೋಗ್ತವಂತೆ" ಅಂದೆ.

ಅವಳ ಬೆರಳು ಕಾಗದದ ಗುಂಡಿಯ ಮೇಲೆ ಹಾಗೇ ಇತ್ತು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಸರಿ, ಹೋಗಿ ಮಲ್ಕೋ. ಹೊಟ್ಟೆ ನೋಯುತ್ತೆ ಅಂದ್ಯಲ್ಲ" ಅಂದಳು.

ಮಾರ್ಚ್ ೨, ಭಾನುವಾರ

ಅಜ್ಜಿ ಹಾರಿಹೋಯಿತು. ಚೆನ್ನಾಗಿಯೇ ಹಾರಿತು, ಮುದುಕಿ.

ಅಕ್ಕ ಅಮ್ಮನ ಹತ್ತಿರ ಗೆಳತಿಯ ಮಾವನ ಚಪ್ಪಲಿ ಅಂಗಡಿಯಲ್ಲಿ ಇನ್ನೊಬ್ಬರು ಬೇಕಂತೆ ಅಂತ ಹೇಳುತ್ತಿದ್ದಳು. ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಾರ್ಚ್ ೩, ಸೋಮವಾರ

ಚಿಕ್ಕ ಕಂಪನಿಯ ಆಫೀಸು ನಮ್ಮ ವಿಮಾನ ನಿಲ್ದಾಣದಲ್ಲೇ ಇದೆ, ಲಗೇಜು ಬರುವ ಬೆಲ್ಟಿನ ಹಿಂದೆ. ಒಂದು ಟೇಬಲ್ಲು, ಒಂದು ಕುಂಟುವ ಕುರ್ಚಿ, ಗೋಡೆಗೆ ಫ್ಯಾನ್ ವಿಮಾನದ ಚಿತ್ರ. ಪೈಲಟ್ಟುಗಳನ್ನು ಆರಿಸುವ ಕ್ಯಾಪ್ಟನ್ ಅಮ್ಮನ ವಯಸ್ಸಿನ ಹೆಂಗಸು. ದಪ್ಪ ಕನ್ನಡಕ. ನಾನು ವ್ಯಾಕ್ಯೂಮ್ ಸಮೇತ ಒಳಗೆ ನುಗ್ಗಿದೆ.

"ಇಲ್ಲಿ ಬೆಳಗ್ಗೇನೇ ಗುಡಿಸಿದ್ದಾರಪ್ಪ," ಅಂದರು.

"ಗುಡಿಸೋಕೆ ಬಂದಿಲ್ಲ. ಹೋದ ಸೋಮವಾರ ಒಬ್ಳು ನಿಮ್ಮ ಕೆಲಸ ಬೇಡ ಅಂದ್ಲಲ್ಲ, ಅವಳ ತಮ್ಮ ನಾನು. ಬೇಡ ಅಂದದ್ದು ಅವಳಲ್ಲ, ನಾನು."

"ಫೋನಲ್ಲಿ ಹೆಣ್ಣು ದನಿ ಇತ್ತಲ್ಲ."

"ದನಿ ಅವಳದು, ತಲೆ ನನ್ನದು. ಜೆಟ್ಟಿಗೆ ಹೊಸ ಕಾರ್ಪೆಟ್ಟು ಹಾಕಿದ್ದು ನೋಡಿ, ಇನ್ನೇನು ಹಾರುತ್ತೆ, ಕಂಪನಿ ಕರೆಯುತ್ತೆ ಅಂತ ನಾನೇ ಹೇಳ್ದೆ. ಆಮೇಲೆ ನೋಡಿದ್ರೆ ಅದು ಓನರಿಗೆ ವಾಪಸ್ ಕೊಡೋಕೆ."

ಕ್ಯಾಪ್ಟನ್ ಕನ್ನಡಕ ತೆಗೆದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ನಿಮ್ಮ ಮನೆಯ ವಿಮಾನ ಯೋಜನಾ ವಿಭಾಗದ ಮುಖ್ಯಸ್ಥರು ತಾವೇ ಅನ್ನಿ. ಪರವಾಗಿಲ್ಲ, ಬೇಜಾರು ಮಾಡ್ಕೋಬೇಡಿ. ದೊಡ್ಡ ದೊಡ್ಡ ಸಂಬಳ ತಗೊಳ್ಳೋ ಮುಖ್ಯಸ್ಥರೂ ನಿಮ್ಮಷ್ಟೇ ಚೆನ್ನಾಗಿ ಹೇಳ್ತಾರೆ."

"ನಗ್ಬೇಡಿ. ನಿಮ್ಮ ಸೀಟು ಇದೆಯೋ ಇಲ್ವೋ ಹೇಳಿ."

"ಅದು ಹೋಯ್ತು. ಬೇರೆಯವರಿಗೆ ಕೊಟ್ಟಾಯ್ತು."

ನಾನು ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ನಿಮ್ಮ ಫ್ಯಾನ್ ವಿಮಾನ ನಮ್ಮನೆ ಟೇಬಲ್ ಫ್ಯಾನಿಗಿಂತ ಹೆಚ್ಚು ಅಲ್ಲಾಡುತ್ತೆ, ಅಂಥದ್ದಕ್ಕೂ ಅವಳು ಒಪ್ಪಿಕೊಳ್ಳುವುದು ನಿಮ್ಮ ಪುಣ್ಯ ಅಂದೆ. ಕಾಗದದ ಮೇಲೆ ಅವಳು ಹಾರಿಸಿದಷ್ಟು ನಿಮ್ಮವರು ಆಕಾಶದಲ್ಲೂ ಹಾರಿಸಿಲ್ಲ ಅಂದೆ. ಅವಳು ಒಂದೇ ಒಂದು ಸಲ ಇಂಧನದ ಪಂಪು ಮರೆತಳು, ಅದೂ ಖುಷಿಯಲ್ಲಿ ಅಂದೆ. ಅದನ್ನು ಹೇಳಬಾರದಿತ್ತು.

"ಅವಳು ಮರೆತದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಪಕ್ಕದ ಕುರ್ಚಿಯಲ್ಲಿ ಕೂತವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು?"

ಕ್ಯಾಪ್ಟನ್ ಕನ್ನಡಕ ಮತ್ತೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೇಳಿದರು: ಬೇರೆ ಯಾರೋ ತಗೊಳ್ಳಬೇಕಿದ್ದ ಎರಡು ವಿಮಾನ ಅವರು ಬೇಡ ಅಂದದ್ದಕ್ಕೆ ಚಿಕ್ಕ ಕಂಪನಿಗೆ ಬೇಗ ಬರುತ್ತಿವೆ. "ದೊಡ್ಡ ಕಂಪನಿಯವರ ಹತ್ರ ಪೈಲಟ್ಟುಗಳಿದ್ದಾರೆ, ವಿಮಾನ ಇಲ್ಲ. ನಮ್ಮ ಹತ್ರ ವಿಮಾನ ಬರ್ತಿದೆ, ಪೈಲಟ್ ಇಲ್ಲ. ಇದೇ ನಮ್ಮ ಧಂದೆ." ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಹೊಸಬರಿಗೆ ಪರೀಕ್ಷೆ. ಅವಳು ಬರಬಹುದು. ಆದರೆ ಅವಳೇ ಬರಬೇಕು, ಪಾಸಾದರೇ ಕೆಲಸ. ತಮ್ಮಂದಿರ ಶಿಫಾರಸು ನಡೆಯುವುದಿಲ್ಲ.

ಹೊರಡುವಾಗ ಬೀರುವಿನಿಂದ ಸುರುಳಿ ಸುತ್ತಿದ ಕಾಗದವೊಂದನ್ನು ಎಳೆದು ನನ್ನ ಕಂಕುಳಿಗೆ ತುರುಕಿದರು. ಫ್ಯಾನ್ ವಿಮಾನದ ಮುಂಭಾಗ. ಅಂಚು ಹರಿದಿದೆ. ಟೀ ಕಲೆಯೂ ಇದೆ.

ಮಾರ್ಚ್ ೪, ಮಂಗಳವಾರ

ಅಕ್ಕ ಚಪ್ಪಲಿ ಅಂಗಡಿ ನೋಡಿಕೊಂಡು ಬರಲು ಹೋದಾಗ ಅವಳ ಗೋಡೆಗೆ ಹೊಸ ಕಾಗದ ಅಂಟಿಸಿದೆ. ಜೆಟ್ಟಿನ ಮೇಲೇ ಅಂಟಿಸಿದೆ, ಬೇರೆ ಜಾಗವೆಲ್ಲಿದೆ? ಅಂಟು ಸಾಲದೆ ಅಮ್ಮ ಹಿಟ್ಟು ಕಲಸಿ ಕೊಟ್ಟಳು. ಅಪ್ಪ ಕುರ್ಚಿ ಹತ್ತಿ ಮೇಲಿನ ಮೂಲೆ ಹಿಡಿದ.

ಅಕ್ಕ ಬಂದಳು, ನೋಡಿದಳು. ಕ್ಯಾಪ್ಟನ್, ಗುರುವಾರದ ಪರೀಕ್ಷೆ ಎಲ್ಲ ಹೇಳಿದೆ. ಮೂರು ದಿನದ ಮೌನ ಒಡೆಯಿತು. ಅಬ್ಬಾ, ಏನು ದನಿ! ಕೆಳಗಿನ ಮನೆಯವರು ಟಿವಿ ಸಣ್ಣ ಮಾಡಿದರು.

"ಯಾರನ್ನ ಕೇಳಿ ಹೋದೆ? ನನ್ನ ಪರವಾಗಿ ಭಿಕ್ಷೆ ಬೇಡೋಕೆ ನಿನಗ್ಯಾರೋ ಹೇಳಿದ್ದು?"

"ಭಿಕ್ಷೆ ಯಾರು ಬೇಡಿದ್ರು? ಜಗಳ ಆಡ್ಕೊಂಡು ಬಂದೆ!"

"ಮೊದಲು ಹೋಗು ಅಂತ ರೂಮು ಅಳೆದೆ. ಆಮೇಲೆ ಬೇಡ ಅಂತ ಕುಣಿದೆ. ಈಗ ಮತ್ತೆ ಹೋಗು. ನಾನೇನು ನಿನ್ನ ವ್ಯಾಕ್ಯೂಮಾ, ಎಳೆದ ಕಡೆ ಬರೋಕೆ?"

ಹೆಚ್ಚುಕಡಿಮೆ ಸರಿಯಾಗಿಯೇ ಕೇಳಿದಳು. ಅದಕ್ಕೇ ನಾನು ಇನ್ನೂ ಜೋರಾಗಿ ಕೂಗಿದೆ. ರಾತ್ರಿ ಹಸಿವು ಚೆನ್ನಾಗಿತ್ತು. ಎರಡು ಸಲ ಬಡಿಸಿಕೊಂಡೆ.

ಮಾರ್ಚ್ ೫, ಬುಧವಾರ

ಮಾತಿಲ್ಲ. ಆದರೆ ಗೋಡೆಯ ಕಾಗದ ಹರಿದಿಲ್ಲ. ಮಧ್ಯಾಹ್ನ ಶಿಫ್ಟಿನಿಂದ ಬಂದಾಗ ಅವಳ ರೂಮಿನಿಂದ ಸಣ್ಣಗೆ ಗೊಣಗು ಕೇಳಿಸುತ್ತಿತ್ತು. ಕೇಳುವವಳೂ ಅವಳೇ, ಉತ್ತರ ಹೇಳುವವಳೂ ಅವಳೇ. ಫ್ರಿಜ್ಜಿನ ಪಕ್ಕ ಕೂತು ಕೇಳಿದೆ. ಫ್ರಿಜ್ಜಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಪ್ಲಗ್ಗು ಕಿತ್ತೆ. ಹಾಲು ಒಡೆಯಿತು ಅಂತ ಅಮ್ಮ ಈಗ ಬೈಯುತ್ತಿದ್ದಾಳೆ.

ಮಾರ್ಚ್ ೬, ಗುರುವಾರ

ಗಂಟೆ ಒಂಬತ್ತೂಮುಕ್ಕಾಲು. ನಿಂತುಕೊಂಡೇ ಬರೆಯುತ್ತಿದ್ದೇನೆ.

ಅಕ್ಕ ಆರಕ್ಕೇ ಎದ್ದಿದ್ದಾಳೆ. ಸ್ನಾನ ಆಗಿದೆ. ಬಿಳಿ ಶರ್ಟು ಇಸ್ತ್ರಿ ಆಗಿದೆ, ಹಾಕಿಯೂ ಆಗಿದೆ. ಆದರೆ ನಾನು ಬೇಡಿ ತಂದ ಪರೀಕ್ಷೆಗೆ ಹೋಗುವುದಿಲ್ಲವಂತೆ! ಮಂಚದ ತುದಿಯಲ್ಲಿ ಕೂತಿದ್ದಾಳೆ, ಕಾಲಿಗೆ ಬೂಟು ಹಾಕಿಕೊಂಡು. ಬೂಟು ಹಾಕಿಕೊಂಡು ಯಾರಾದರೂ ಮನೆಯಲ್ಲಿ ಕೂರುತ್ತಾರಾ?

ಅಮ್ಮ ಹೇಳಿದಳು, ಆಗಲಿಲ್ಲ. ಅಪ್ಪ ಡಿಪೋ ತಂದ, ಆಗಲಿಲ್ಲ. ನಾನು ಬಾಗಿಲಲ್ಲಿ ನಿಂತು, "ಹೆದ್ರಿಕೆ ಆಗಿದ್ರೆ ಆಗಿದೆ ಅಂತ ಹೇಳು, ನನ್ನ ಮೇಲೆ ಯಾಕೆ ಹಾಕ್ತೀಯ?" ಅಂದೆ.

"ಹೌದು ಕಣೋ, ಹೆದ್ರಿಕೆ! ಇಷ್ಟು ದಿನ ಕಾದು, ಇವತ್ತು ಹೋಗಿ, ಅಲ್ಲೂ ಆಗ್ಲಿಲ್ಲ ಅಂದ್ರೆ? ಕಾಯೋಕಾದ್ರೂ ಏನು ಉಳಿಯುತ್ತೆ?"

ಉತ್ತರ ಇಲ್ಲದಿದ್ದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ, ಕಿರುಚಿದೆ. ಚಪ್ಪಲಿ ಅಂಗಡಿಯಲ್ಲಿ ಕೂತು ಕಂಡೋರ ಕಾಲು ಅಳೀತಾ ಇರು ಅಂದೆ. ನಿನ್ನಂಥವಳ ಪಕ್ಕ ದಿನಾ ಕೂತು ಬೆನ್ನು ಮುರ್ಕೊಂಡೆನಲ್ಲ, ನನಗೆ ಬುದ್ಧಿ ಇಲ್ಲ ಅಂದೆ. ಅವಳು ದಿಂಬು ಎಸೆದಳು. ನಾನು ಅದೇ ದಿಂಬನ್ನು ವಾಪಸ್ ಎಸೆದೆ. ಅಪ್ಪನಿಗೆ ತಗುಲಿತು.

ಕೊನೆಗೆ ಅವಳು, "ನೀನು ಈ ಮನೇಲಿ ಇರೋವರೆಗೂ ನಾನು ಹೊಸಿಲು ದಾಟಲ್ಲ! ನೀನು ಗೆದ್ದೆ ಅಂತ ಹಲ್ಲು ಕಿರಿಯೋದನ್ನ ನನ್ನ ಕೈಲಿ ನೋಡೋಕಾಗಲ್ಲ!" ಅಂದಳು.

ಓಹೋ. ಅಷ್ಟೇನಾ? ನಾನಿದ್ದರೆ ಹೋಗಲ್ಲವಂತೆ. ನಾನೇ ಇಲ್ಲದಿದ್ದರೆ ಆಗ ಯಾವ ನೆಪ ಹೇಳುತ್ತಾಳೆ ನೋಡೋಣ. ಹೊರಟೆ. ಈ ಮನೆಯ ಸಹವಾಸವೇ ಬೇಡ. ಅಮ್ಮ ಎಲ್ಲಿಗೋ ಅಂತ ಕೇಳುತ್ತಿದ್ದಾಳೆ, ಹೇಳುವುದಿಲ್ಲ. ಅಪ್ಪನ ಸ್ಕೂಟರ್ ಕೀಲಿ ತಗೊಂಡಿದ್ದೇನೆ. ಹೆಲ್ಮೆಟ್ಟು ಎರಡು ಕೈಗೆ ಬಂದಿವೆ. ಒಂದನ್ನು ವಾಪಸ್ ಇಡುವುದಕ್ಕೆ ಪುರುಸೊತ್ತಿಲ್ಲ. ಕೆಳಗೆ ಬೀದಿಯಲ್ಲಿ ಸ್ಕೂಟರ್ ಚಾಲು ಮಾಡಿಕೊಂಡು ಸ್ವಲ್ಪ ಹೊತ್ತು ನಿಂತರೆ ಯಾರೂ ಕೇಳುವ ಹಾಗಿಲ್ಲ. ಬೀದಿ ಈ ಮನೆಯದಲ್ಲ. ಹನ್ನೊಂದಕ್ಕೆ ಇನ್ನೂ ಟೈಮಿದೆ, ಅಡ್ಡರಸ್ತೆಯಲ್ಲಿ ಹೋದರೆ ಸಿಗ್ನಲ್ ಇಲ್ಲ. ಹಲ್ಲು ಕಿರಿಯುವುದು ಕಾಣಬಾರದು ತಾನೇ, ಹೆಲ್ಮೆಟ್ಟಿನ ಗಾಜು ಕಪ್ಪು.

ಬಾಗಿಲನ್ನು ಈಗ ಎಷ್ಟು ಜೋರಾಗಿ ಬಡಿಯುತ್ತೇನೆ ಅಂದರೆ, ಒಳಗೆ ಬೂಟು ಹಾಕಿಕೊಂಡು ಕೂತವಳಿಗೆ, ನಾನು ಈ ಮನೆಯಲ್ಲಿ ಇಲ್ಲ ಅನ್ನುವುದರಲ್ಲಿ ಒಂದು ಚೂರೂ ಅನುಮಾನ ಉಳಿಯಬಾರದು.